ಕೂಪನ್ಸ್ ಎಂಬ ಫೋಲ್ಡರ್

ಆ ಫೋಲ್ಡರಿಗೆ ‘ಕೂಪನ್ಸ್’ ಎಂದು ಹೆಸರಿಟ್ಟವಳು ನಾನೇ. ನನ್ನ ತಂಗಿ ಕೂಪನ್ ಹುಡುಕಿ ಸಾಮಾನು ಕೊಳ್ಳುವ ಪೈಕಿ ಅಲ್ಲ. ಆ ಹೆಸರಿದ್ದರೆ ಅವಳು ಅದರ ಮೇಲೆ ಕೈಯನ್ನೂ ಇಡುವುದಿಲ್ಲ ಎನ್ನುವ ಲೆಕ್ಕಾಚಾರ ನನ್ನದು. ಅವಳದೇ ಮೇಲ್‌ಬಾಕ್ಸಿನಲ್ಲಿ ಅವಳಿಗೆ ಕಾಣದ ಹಾಗೆ ಒಂದು ಕತ್ತಲೆ ಕೋಣೆ ಕಟ್ಟಿಕೊಟ್ಟೆ, ಅದೂ ಪ್ರೀತಿಯಿಂದ. ಇದನ್ನು ಬರೆಯಲು ಇಷ್ಟು ವರ್ಷ ತೆಗೆದುಕೊಂಡದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು. ಮೊದಲಿನಿಂದಲೂ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ, ಆದರೆ ಅದು ಯಾವಾಗಲೂ ಬೇರೆಯವರ ಮೇಲೆ ಇರುತ್ತಿತ್ತು.

2020ರ ಅಕ್ಟೋಬರಿನಲ್ಲಿ ಅವಳು ಅಟ್ಲಾಂಟಾದಿಂದ ಮಾರಿಸ್‌ವಿಲ್‌ಗೆ, ನಮ್ಮ ಮನೆಗೆ ಬಂದಳು. ಅಲ್ಲಿ ಅವಳದೂ ಅವಳ ಗಂಡನದೂ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟು. ಕೊರೋನಾ ಕಾಲ, ಅವನ ಆಫೀಸೂ ಮನೆಯಲ್ಲೇ, ದಿನವಿಡೀ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಜೋರು ದನಿಯಲ್ಲಿ ಮಾತು. ಆ ವರ್ಷ ಇಂಟರ್‌ವ್ಯೂಗಳೆಲ್ಲ ವಿಡಿಯೋದಲ್ಲೇ ಎಂದು ಹೇಳಿದ್ದರಿಂದ ಅವಳಿಗೊಂದು ಸದ್ದಿಲ್ಲದ ಕೋಣೆ ಬೇಕಾಗಿತ್ತು. ನಮ್ಮ ಟೌನ್‌ಹೌಸಿನ ಮೇಲಿನ ಕೋಣೆಯನ್ನು ಬಿಟ್ಟುಕೊಟ್ಟೆವು. ಗೋಡೆಗೆ ಬಿಳಿ ಬೆಡ್‌ಶೀಟ್ ಹೊಡೆದು, ಮುಂದೆ ಎರಡು ಲ್ಯಾಂಪ್ ಇಟ್ಟು, ಕ್ಯಾಮೆರಾದಲ್ಲಿ ಮುಖ ಹೇಗೆ ಕಾಣುತ್ತದೆಂದು ಇಬ್ಬರೂ ನೋಡಿ ನೋಡಿ ನಕ್ಕೆವು. ಬಾಗಿಲ ಹಿಂದೆ ಹೊಸ ಕೋಟು ಪ್ಲಾಸ್ಟಿಕ್ ಚೀಲದೊಳಗೇ ತೂಗುತ್ತಿತ್ತು.

ಅವಳು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿದವಳು. ಇಲ್ಲಿ ಡಾಕ್ಟರಾಗಬೇಕಾದರೆ ಇಲ್ಲಿಯ ಪರೀಕ್ಷೆಗಳನ್ನು ಪಾಸು ಮಾಡಬೇಕು, ಆಮೇಲೆ ಯಾವುದಾದರೂ ಆಸ್ಪತ್ರೆ ರೆಸಿಡೆನ್ಸಿಗೆ, ಅಂದರೆ ಕೆಲವು ವರ್ಷದ ತರಬೇತಿಗೆ, ಸೇರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಊರಿನ ಡಿಗ್ರಿ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕುವುದಕ್ಕಷ್ಟೇ. ಪರೀಕ್ಷೆ ಅವಳು ಎಂದೋ ಪಾಸು ಮಾಡಿದ್ದಳು. ಎರಡು ವರ್ಷ ಅರ್ಜಿ ಹಾಕಿದರೂ ಎಲ್ಲೂ ಸೀಟು ಸಿಕ್ಕಿರಲಿಲ್ಲ. ಕಾಲೇಜು ಮುಗಿಸಿ ಇಷ್ಟು ವರ್ಷದ ಒಳಗಿನವರೇ ಬೇಕು ಎಂದು ಬಹಳ ಆಸ್ಪತ್ರೆಗಳು ಗೆರೆ ಎಳೆದಿರುತ್ತವೆ. ಮುಂದಿನ ವರ್ಷ ಅವಳು ಆ ಗೆರೆಯ ಆಚೆಗೆ ಬೀಳುವವಳಿದ್ದಳು. ಈ ಸಲ ಸಿಗದಿದ್ದರೆ ಇನ್ನು ಯಾವತ್ತೂ ಇಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಆಸ್ಪತ್ರೆಗಳು ಇಂಟರ್‌ವ್ಯೂಗೆ ಕರೆಯುವುದು ಮೇಲ್‌ನಲ್ಲಿ. ಇರುವ ಜಾಗಕ್ಕಿಂತ ಹೆಚ್ಚು ಜನರನ್ನು ಕರೆಯುತ್ತಾರೆ, ಮೊದಲು ಉತ್ತರ ಕೊಟ್ಟವರಿಗೆ ಜಾಗ. ಸ್ನಾನಕ್ಕೆ ಹೋಗಿದ್ದಾಗ ಮೇಲ್ ಬಂದು, ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲ ಭರ್ತಿಯಾದ ಕಥೆಗಳು ಅವಳ ಗೆಳತಿಯರ ಗುಂಪಿನಲ್ಲಿ ಬೇಕಾದಷ್ಟಿದ್ದವು. ಅದಕ್ಕೇ ನಮ್ಮವರಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ಅರ್ಜಿ ಹಾಕಿದವರು ತಮ್ಮ ಮೇಲ್‌ನ ಪಾಸ್‌ವರ್ಡನ್ನು ಗಂಡನಿಗೆ, ಅಕ್ಕನಿಗೆ, ಮೈದುನನಿಗೆ ಕೊಟ್ಟಿಡುತ್ತಾರೆ. ಯಾರ ಕಣ್ಣಿಗೆ ಮೊದಲು ಬಿತ್ತೋ ಅವರು ಸಮಯ ಬುಕ್ ಮಾಡಬೇಕು. ಇಡೀ ಕುಟುಂಬವೇ ಕಾವಲು ಕೂತಿರುತ್ತದೆ.

“ನೀನ ಎಲ್ಲಾ ಸೆಟಪ್ ಮಾಡಕ್ಕಾ. ನಿನಗ ಇದೆಲ್ಲಾ ಗೊತ್ತದ,” ಎಂದು ಅವಳು ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಗೊತ್ತಿಲ್ಲದೆ ಏನು! ನಾನು ಇನ್ಶೂರೆನ್ಸ್ ಕಂಪನಿಯೊಂದರ ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು. ಯಾವ ಅರ್ಜಿ ಯಾವ ಕಡೆ ಹೋಗಬೇಕು, ಯಾವ ಷರತ್ತು ಸೇರಿದರೆ ಏನಾಗಬೇಕು ಎಂದು ನೋಡುವುದೇ ನನ್ನ ಅನ್ನ. ನನ್ನ ಸ್ವಂತ ಮೇಲ್‌ನಲ್ಲಿ, ಬಂದದ್ದನ್ನು ತಾನಾಗಿಯೇ ವಿಂಗಡಿಸುವ ನಲವತ್ತಕ್ಕೂ ಹೆಚ್ಚು ರೂಲ್‌ಗಳಿದ್ದವು. ದೇವಸ್ಥಾನದ್ದು ಒಂದು ಕಡೆ, ಕನ್ನಡ ಸಂಘದ್ದು ಒಂದು ಕಡೆ, ಗುಡ್ ಮಾರ್ನಿಂಗ್ ಕಳಿಸುವ ಅಂಕಲ್‌ಗಳದ್ದು ನೇರ ಕಸಕ್ಕೆ. ಬಂದವರಿಗೆಲ್ಲ ಅದನ್ನು ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮೊದಲ ರೂಲ್ ಹೀಗಿತ್ತು. ಮೇಲ್ ಬಂದದ್ದು ಅವಳು ಅರ್ಜಿ ಹಾಕಿದ ಆಸ್ಪತ್ರೆಗಳ ಪೈಕಿ ಒಂದರಿಂದ ಆಗಿರಬೇಕು; ಜೊತೆಗೆ ವಿಷಯದಲ್ಲಿ ‘ಇಂಟರ್‌ವ್ಯೂ’ ಅಥವಾ ‘ಆಹ್ವಾನ’ ಎಂಬ ಅರ್ಥದ ಇಂಗ್ಲಿಷ್ ಪದ ಇರಬೇಕು. ಎರಡೂ ಕೂಡಿಬಂದರೆ ಮೇಲ್‌ಗೆ ನಕ್ಷತ್ರ ಬೀಳಬೇಕು, ಒಂದು ಪ್ರತಿ ನನಗೆ, ಒಂದು ಅಟ್ಲಾಂಟಾದಲ್ಲಿ ಅವಳ ಗಂಡನಿಗೆ ಹೋಗಬೇಕು, ಮೂವರ ಫೋನೂ ಗಂಟೆ ಹೊಡೆಯಬೇಕು. ಆಸ್ಪತ್ರೆಗಳ ಪಟ್ಟಿಗೆ ನನ್ನ ವಿಳಾಸವನ್ನೂ ಸೇರಿಸಿ, ನಾನೇ ಒಂದು ಸುಳ್ಳು ಮೇಲ್ ಕಳಿಸಿ ಪರೀಕ್ಷಿಸಿದೆ. ಮೂರೂ ಫೋನ್ ಹೊಡೆದುಕೊಂಡವು. ಅವಳು ಚಪ್ಪಾಳೆ ತಟ್ಟಿದಳು.

ಒಂಬತ್ತು ದಿನಕ್ಕೆ ನಿಜವಾದ ಗಂಟೆ ಬಾರಿಸಿತು. ಅವಳು ಸ್ನಾನ ಮಾಡುತ್ತಿದ್ದಳು. ತಲೆಯ ತುಂಬ ಶಾಂಪೂ ನೊರೆ ಹೊತ್ತುಕೊಂಡೇ ಟವೆಲ್ ಸುತ್ತಿಕೊಂಡು ಮೆಟ್ಟಿಲವರೆಗೆ ಓಡಿಬಂದಳು. ನಾನು ಕೆಳಗಿನಿಂದ ಓಡಿದೆ. ಇಬ್ಬರೂ ನಡುಮೆಟ್ಟಿಲಲ್ಲಿ ಫೋನ್ ನೋಡಿದೆವು. ನಿಮಗೆ ಇಂಟರ್‌ವ್ಯೂ ನೀಡಲು ಆಗುತ್ತಿಲ್ಲ ಎಂದು ಬರೆದಿತ್ತು. ಬೇಡ ಎನ್ನುವವರೂ ‘ಇಂಟರ್‌ವ್ಯೂ’ ಎಂಬ ಪದವನ್ನು ವಿಷಯದಲ್ಲಿ ಹಾಕಿದ್ದರು, ನನ್ನ ರೂಲ್ ಅದಕ್ಕೂ ಹಬ್ಬದ ಗಂಟೆ ಹೊಡೆದಿತ್ತು.

ಅವಳು ಮೆಟ್ಟಿಲ ಮೇಲೆ ಕೂತಳು. ನೊರೆ ಕರಗಿ ಹಣೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಂದು, ಮರುದಿನ ಮಧ್ಯಾಹ್ನದವರೆಗೆ ಕೆಳಗೆ ಇಳಿಯಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತು ಹೇಳಿದಳು.

“ಅಕ್ಕಾ, ಇಲ್ಲ ಅನ್ನೂ ಮೇಲ್ ನನಗ ತೋರಿಸಬ್ಯಾಡ. ಬಾ ಅನ್ನೂವಷ್ಟ ತೋರಿಸು. ಹಿಂಗ ದಿನಾ ಒಂದೊಂದು ಓದಿಕೋತ ಕುಂತ್ರ, ನಾಳೆ ಯಾರರ ಕರದ್ರ ಅವರ ಮುಂದ ನಾ ನಗೂದರ ಹೆಂಗ?”

“ಆತು. ನಾ ನೋಡ್ಕೋತೀನಿ. ನೀ ಊಟಾ ಮಾಡು,” ಅಂದೆ.

ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಪರೀಕ್ಷೆ ಬರೆಯುವವರಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ಇವಳ ಕೊನೆಯ ವರ್ಷದ ಪರೀಕ್ಷೆ ನಡೆಯುತ್ತಿದ್ದಾಗ ಧಾರವಾಡದಲ್ಲಿ ಅಜ್ಜಿ ತೀರಿಕೊಂಡಳು. ಇಪ್ಪತ್ತು ಕಿಲೋಮೀಟರ್ ಆಚೆ ಹಾಸ್ಟೆಲಿನಲ್ಲಿದ್ದ ಇವಳಿಗೆ ಹೇಳಲಿಲ್ಲ. ದಿನಾ ಫೋನ್ ಮಾಡಿ ಅಜ್ಜಿ ಮಲಗ್ಯಾಳ, ಅಜ್ಜಿ ಗುಡಿಗೆ ಹೋಗ್ಯಾಳ ಎಂದು ಸುಳ್ಳು ಹೇಳುವ ಕೆಲಸ ನನ್ನದಾಗಿತ್ತು. ಪರೀಕ್ಷೆ ಮುಗಿಸಿ ಸೂಟ್‌ಕೇಸ್ ಹಿಡಿದು ಬಂದವಳು ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋ ನೋಡಿದಳು. ಅತ್ತಳು, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಪಾಸಾದಳಲ್ಲ, ಮುಚ್ಚಿಟ್ಟದ್ದೇ ಒಳ್ಳೆಯದಾಯಿತು ಎಂದರು ಎಲ್ಲರೂ. ನಾನೂ ಅಂದೆ.

ಹಾಗಾಗಿ ಎರಡನೆಯ ರೂಲನ್ನು ಎರಡು ಸಲ ಯೋಚಿಸದೆ ಬರೆದೆ. ಆಸ್ಪತ್ರೆಗಳ ಪೈಕಿ ಒಂದರಿಂದ ಬಂದ ಮೇಲ್ ಆಗಿರಬೇಕು. ಜೊತೆಗೆ ಒಳಗಿನ ಬರಹದಲ್ಲಿ ‘ವಿಷಾದ’, ‘ದುರದೃಷ್ಟವಶಾತ್’, ‘ಸಾಧ್ಯವಾಗುತ್ತಿಲ್ಲ’ ಎನ್ನುವ ಅರ್ಥದ ಇಂಗ್ಲಿಷ್ ಮಾತುಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು. ಆ ಮೇಲ್ ಇನ್‌ಬಾಕ್ಸಿಗೆ ಬರದೆ, ಓದಿದ್ದಾಗಿದೆ ಎಂಬ ಗುರುತು ಹಾಕಿಸಿಕೊಂಡು, ಸೀದಾ ‘ಕೂಪನ್ಸ್’ ಒಳಗೆ ಹೋಗಿ ಕೂರಬೇಕು. ಗಂಟೆ ಇಲ್ಲ, ನಕ್ಷತ್ರ ಇಲ್ಲ. ಈ ರೂಲನ್ನು ಎತ್ತಿ ಮೊದಲನೆಯದಕ್ಕಿಂತ ಮೇಲೆ ಇಟ್ಟೆ. ಕೊನೆಗೆ ಒಂದು ಪುಟ್ಟ ಚೌಕ ಇರುತ್ತದೆ: ಇದು ಹೊಂದಿದರೆ ಮುಂದಿನ ರೂಲ್‌ಗಳನ್ನು ನೋಡಬೇಡ. ಅದರಲ್ಲಿ ಸರಿ ಗುರುತು ಹಾಕಿದೆ. ಮತ್ತೊಮ್ಮೆ ಅವಳು ನೊರೆ ಹೊತ್ತು ಓಡಿಬರುವುದು ಬೇಡವಾಗಿತ್ತು.

ಪರೀಕ್ಷಿಸಿದೆ ಕೂಡ. ಮೂರು ತಿರಸ್ಕಾರದ ಮೇಲ್‌ಗಳನ್ನು ನಾನೇ ಬರೆದು ಕಳಿಸಿದೆ. ಮೂರೂ ಸದ್ದಿಲ್ಲದೆ ಕೂಪನ್ಸಿಗೆ ಹೋದವು. ಆಹ್ವಾನದ ಮೇಲ್ ಒಂದನ್ನು ಇನ್ನೊಮ್ಮೆ ಕಳಿಸಿ ನೋಡಲಿಲ್ಲ. ಅದನ್ನು ಹಿಂದೆಯೇ ನೋಡಿದ್ದೆನಲ್ಲ ಎನ್ನುವ ಧೈರ್ಯ. ನನ್ನ ಕೈಕೆಳಗಿನವರು ಯಾರಾದರೂ ಹೀಗೆ ಮಾಡಿದ್ದರೆ ಎಲ್ಲರೆದುರು ಉಗಿದು ಉಪ್ಪು ಹಾಕುತ್ತಿದ್ದೆ.

ಆಮೇಲೆ ಮನೆ ತಣ್ಣಗಾಯಿತು.

ನವೆಂಬರ್ ಬಂತು. ಏರ್‌ಪೋರ್ಟು ಹತ್ತಿರವೇ ಇದ್ದರೂ ಆ ವರ್ಷ ವಿಮಾನಗಳೇ ಕಡಿಮೆ. ಯಾವಾಗಲೋ ಒಂದು ಮನೆಯ ಮೇಲೆ ಹಾದುಹೋದರೆ ಇಬ್ಬರೂ ತಲೆಯೆತ್ತುತ್ತಿದ್ದೆವು. ಅವಳು ತನ್ನ ಫೋನನ್ನು ಅಡುಗೆಮನೆ ಕೌಂಟರಿನ ಮೇಲೆ ನಿಲ್ಲಿಸಿ ಇಡುತ್ತಿದ್ದಳು, ಎಲ್ಲಿ ಕೂತರೂ ಕಾಣಬೇಕು. ಈರುಳ್ಳಿ ಹೆಚ್ಚುವಾಗ ಕಣ್ಣು ಅಲ್ಲಿ. ಟೀ ಸೋಸುವಾಗ ಕಣ್ಣು ಅಲ್ಲಿ. ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ ತಲೆ ಬಾಚಿ ಮೇಲೆ ಹೋದರೆ ಸಂಜೆ ಐದರವರೆಗೆ ಅವಳ ನಡಿಗೆ ಕೇಳುತ್ತಿತ್ತು, ಕಿಟಕಿಯಿಂದ ಬಾಗಿಲು, ಬಾಗಿಲಿಂದ ಕಿಟಕಿ. ನಾನು ಕೆಳಗೆ ಮೀಟಿಂಗಿನಲ್ಲಿ ಕೂತು ಅದನ್ನೇ ಕೇಳುತ್ತಿದ್ದೆ. ಐದು ದಾಟಿದರೆ ಆಸ್ಪತ್ರೆಗಳ ಆಫೀಸು ಮುಚ್ಚಿತೆಂದು ನಡಿಗೆ ನಿಲ್ಲುತ್ತಿತ್ತು. ಆ ನಿಲ್ಲುವುದು ನನಗೆ ಹೆಚ್ಚು ಹೆದರಿಕೆ ತರುತ್ತಿತ್ತು.

ಮೊದಲ ಮೂರು ಶನಿವಾರ ಕೂಪನ್ಸ್ ತೆಗೆದು ನೋಡಿದೆ. ಅವಳು ವಾಕಿಂಗ್ ಹೋದ ಹೊತ್ತಿನಲ್ಲಿ, ಕಳ್ಳಿಯ ಹಾಗೆ. ಐದು, ಒಂಬತ್ತು, ಹದಿನಾಲ್ಕು. ಒಂದೊಂದನ್ನೂ ತೆರೆದು ಓದಿದೆ, ಎಲ್ಲವೂ ತಿರಸ್ಕಾರವೇ. ಅದೇ ಮಾತು, ಅದೇ ಸಮಾಧಾನ, ಕೆಳಗೆ ಬೇರೆ ಬೇರೆ ಸಹಿ. ಮೂರನೆಯ ಶನಿವಾರ ಓದಿ ಮುಗಿಸಿದಾಗ ಅವಳು ಒಳಗೆ ಬಂದಳು. “ಏನಾತಕ್ಕಾ, ಮಾರಿ ಹಿಂಗ ಮಾಡಿಯಲ್ಲ?” ಎಂದಳು. ತಲೆನೋವು ಅಂದೆ. ಆಮೇಲೆ ಮತ್ತೆ ಆ ಫೋಲ್ಡರನ್ನು ತೆರೆಯಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಎಂದವಳು ನಾನೇ ನೋಡುವುದನ್ನು ಬಿಟ್ಟೆ. ಎಲ್ಲವೂ ಒಂದೇ, ಏನು ನೋಡುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ನನಗೆ ಹೆದರಿಕೆಯಾಗಿತ್ತು.

ಡಿಸೆಂಬರಿನಲ್ಲಿ ನಮ್ಮ ಮನೆಯವರು ಒಂದು ದಿನ ಮೆತ್ತಗೆ ಕೇಳಿದರು. ಅವರು ಮೈಸೂರು ಕಡೆಯವರು, ನನ್ನ ಜೊತೆ ಮಾತಾಡುವಾಗ ಇನ್ನೂ ಮೆತ್ತಗಾಗುತ್ತಾರೆ.

“ಒಂದೂ ಬಂದಿಲ್ಲ ಅಂದ್ರೆ ಹೇಗೆ? ಹೋದ ಸಲ ಎರಡಾದ್ರೂ ಬಂದಿತ್ತಲ್ವಾ. ನಿನ್ನ ರೂಲ್ ಎಲ್ಲ ಸರಿ ಇದ್ಯಾ ಅಂತ ಒಂದ್ಸಲ ಚೆಕ್ ಮಾಡ್ಬಾರ್ದಾ?”

“ನಿಮ್ಮ ಕೆಲಸಾ ನೀವು ನೋಡ್ಕೊಳ್ರಿ. ರೂಲ್ ಬರಿಯೂದು ನನಗ ನೀವು ಕಲಸ್ತೀರೇನು?” ಅಂದೆ. ಅವರು ಪಾತ್ರೆ ತೊಳೆಯಲು ಹೋದರು. ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನಿಸುತ್ತದೆ.

ಅವಳು ತೆಳ್ಳಗಾಗುತ್ತಿದ್ದಳು. ಅನ್ನ ಕಲಸಿ ಕಲಸಿ ಬಿಟ್ಟು ಏಳುತ್ತಿದ್ದಳು. ಅಟ್ಲಾಂಟಾದಿಂದ ಗಂಡ ಫೋನ್ ಮಾಡಿದರೆ, ಏನೂ ಇಲ್ಲ, ಇಡ್ತೀನಿ ಅಷ್ಟೇ. ಒಂದು ಮಧ್ಯಾಹ್ನ ಮೇಲಿನಿಂದ ಅವಳ ದನಿ ಕೇಳಿ, ಇಂಟರ್‌ವ್ಯೂ ಬಂತೋ ಏನೋ ಎಂದು ಮೆಟ್ಟಿಲು ಹತ್ತಿಹೋದೆ. ಬಿಳಿ ಬೆಡ್‌ಶೀಟಿನ ಮುಂದೆ ಕೂತು, ಆಫ್ ಆಗಿದ್ದ ಕ್ಯಾಮೆರಾದ ಎದುರು ನಗುತ್ತ, ತಾನು ಯಾಕೆ ಡಾಕ್ಟರಾಗಬೇಕೆಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಿ ಸುಮ್ಮನೆ ಇಳಿದುಬಂದೆ. ಏನೋ ಕೆಟ್ಟದ್ದು ಈ ಮನೆಯೊಳಗೇ ಇದೆ ಎಂದು ಅವತ್ತು ಅನಿಸಿತು. ಅದು ಎಲ್ಲಿದೆ ಎಂದು ಹೊಳೆಯಲಿಲ್ಲ.

ಜನವರಿಯ ಎರಡನೆಯ ವಾರ, ಬೆಳಿಗ್ಗೆ ತಿಂಡಿಯ ಹೊತ್ತು. ಅವಳ ಗೆಳತಿಯೊಬ್ಬಳು, ಅದೇ ಪರೀಕ್ಷೆಯ ಗುಂಪಿನವಳು, ತನಗೆ ಬಂದಿದ್ದ ಹಳೆಯ ಆಹ್ವಾನವೊಂದರ ಚಿತ್ರ ಕಳಿಸಿದ್ದಳು. ಮೇರಿಲ್ಯಾಂಡಿನಲ್ಲಿ, ಎಲಿಕಾಟ್ ಸಿಟಿಯಿಂದ ಅರ್ಧ ಗಂಟೆ ದೂರದ ಆಸ್ಪತ್ರೆ. ಇಂಟರ್‌ವ್ಯೂ ಚೆನ್ನಾಗಿ ಆಯಿತು, ಅಲ್ಲಿ ಕನ್ನಡದವರು ಬಹಳ ಇದ್ದಾರೆ, ನಿನಗೂ ಅಲ್ಲಿಂದ ಬಂದಿತ್ತಾ ಎಂದು ಕೇಳಿದ್ದಳು. ನನ್ನ ತಂಗಿಯದೂ ಅವಳದೂ ಒಂದೇ ಕಾಲೇಜು. ಪರೀಕ್ಷೆಯಲ್ಲಿ ಇವಳದೇ ಹೆಚ್ಚು ಅಂಕ.

“ನೋಡಕ್ಕಾ. ಆಕಿಗೆ ಬಂದದ. ನನಗ್ಯಾಕ ಬರಲಿಲ್ಲ?” ಎಂದು ಫೋನ್ ನನ್ನ ತಟ್ಟೆಯ ಪಕ್ಕ ಇಟ್ಟಳು.

ಓದಿದೆ. ಮೊದಲ ಪ್ಯಾರಾ: ನಿಮ್ಮ ಅರ್ಜಿ ಮೆಚ್ಚಿಗೆಯಾಯಿತು, ಇಂಟರ್‌ವ್ಯೂಗೆ ಆಹ್ವಾನಿಸಲು ಸಂತೋಷವಾಗುತ್ತದೆ. ಎರಡನೆಯ ಪ್ಯಾರಾ: ದುರದೃಷ್ಟವಶಾತ್ ದಿನಾಂಕಗಳು ಸೀಮಿತವಾಗಿವೆ, ದಯವಿಟ್ಟು ಬೇಗ ಉತ್ತರಿಸಿ.

ನನಗೆ ಆ ಒಂದು ಪದ ಬಿಟ್ಟು ಮತ್ತೇನೂ ಕಾಣಲಿಲ್ಲ. ಕೈಯಲ್ಲಿದ್ದ ಅವಲಕ್ಕಿಯ ಚಮಚ ಬಾಯಿಯ ಹತ್ತಿರವೇ ನಿಂತಿತ್ತು. ಬಾ ಎಂದು ಕರೆಯುವವರೂ ಆ ಪದ ಬರೆಯುತ್ತಾರೆ. ಬರೆದರೆ ನನ್ನ ರೂಲಿಗೆ ಅಷ್ಟೇ ಸಾಕು. ಮುಂದಿನದನ್ನು ನೋಡಬೇಡ ಎಂದು ಹೇಳಿಟ್ಟವಳು ನಾನು.

“ಯಾಕಕ್ಕಾ? ಏನಾತು?”

“ಏನಿಲ್ಲ. ಆಫೀಸಿನ ಕಾಲ್ ಅದ,” ಎಂದು ಎದ್ದೆ. ಕೆಳಗಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಮುಚ್ಚಿದ ಕಮೋಡಿನ ಮೇಲೆ ಕೂತು ಅವಳ ಮೇಲ್ ತೆರೆದೆ. ಕೂಪನ್ಸಿನಲ್ಲಿ ಮೂವತ್ತೇಳು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ನೋಡುತ್ತ ಬಂದೆ. ನವೆಂಬರ್ ಕೊನೆಯ ವಾರ, ದಕ್ಷಿಣ ಕೆರೊಲಿನಾದ ಒಂದು ಸಣ್ಣ ಊರಿನ ಆಸ್ಪತ್ರೆ, ಆಹ್ವಾನ. ಅದಾದ ನಾಲ್ಕು ದಿನಕ್ಕೆ ಮೇರಿಲ್ಯಾಂಡ್, ಆಹ್ವಾನ. ಡಿಸೆಂಬರಿನಲ್ಲಿ ಅಟ್ಲಾಂಟಾದ್ದೇ ಒಂದು, ಅವಳ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ, ಆಹ್ವಾನ. ಮೂರರಲ್ಲೂ ಆ ಪದ ಇತ್ತು. ಮೇರಿಲ್ಯಾಂಡಿನವರು ಮತ್ತೊಂದು ಮೇಲ್ ಕಳಿಸಿದ್ದರು: ನಿಮ್ಮಿಂದ ಉತ್ತರ ಬಂದಿಲ್ಲ, ನಿಮಗೆ ಆಸಕ್ತಿಯಿಲ್ಲವೆಂದು ವಿಷಾದದಿಂದ ಭಾವಿಸುತ್ತೇವೆ. ಅದೂ ಕೂಪನ್ಸಿಗೇ ಬಂದಿತ್ತು. ಮೂರಕ್ಕೂ ಓದಿದ್ದಾಗಿದೆ ಎಂಬ ಗುರುತಿತ್ತು.

ಹೊರಗೆ ಅವಳು ಬಟ್ಟಲು ತೊಳೆಯುವ ಸದ್ದು ಕೇಳುತ್ತಿತ್ತು. ಅಯ್ಯೋ ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ ಎಂದು ಬಾಯಿಯೊಳಗೇ ಬೈದುಕೊಂಡೆ.

ಅಂದು ನಾನು ಮಾಡಿದ ಎರಡನೆಯ ತಪ್ಪನ್ನು ಬರೆಯುವುದು ಮೊದಲನೆಯದಕ್ಕಿಂತ ಕಷ್ಟ. ಹೊರಗೆ ಬಂದು ಅವಳಿಗೆ ಹೇಳಲಿಲ್ಲ. ಗ್ಯಾರೇಜಿಗೆ ಹೋಗಿ, ಕಾರಿನಲ್ಲಿ ಕೂತು, ಧಾರವಾಡಕ್ಕೆ ಅವ್ವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿದ ಮೇಲೆ ಅವ್ವ ಹೇಳಿದಳು.

“ಈಗ ಹೇಳಬ್ಯಾಡವಾ. ಎಲ್ಲಾ ಮುಗೀಲಿ. ಮಾರ್ಚ್‌ನ್ಯಾಗ ರಿಸಲ್ಟ್ ಬರ್ತದಲ್ಲ, ಅದಾದ ಮ್ಯಾಲೆ ಹೇಳು. ಈಗ ಹೇಳಿದ್ರ ಆಕಿ ಏನರ ಮಾಡ್ಕೊಂಡಾಳು.”

ನನಗೆ ಬೇಕಾದದ್ದೂ ಅದೇ ಮಾತಾಗಿತ್ತು. ಆಫೀಸಿಗೆ ರಜೆ ಹಾಕಿ, ಮೂರೂ ಆಸ್ಪತ್ರೆಗೆ ನನ್ನ ತಂಗಿಯ ಹೆಸರಿನಲ್ಲಿ, ನನ್ನ ತಂಗಿಯ ಹಾಗೆ, ಪತ್ರ ಬರೆದೆ. ನಿಮ್ಮ ಮೇಲ್ ಬೇರೆ ಕಡೆ ಹೋಗಿ ಬಿದ್ದಿತ್ತು, ಕ್ಷಮಿಸಿ, ಯಾವ ದಿನ ಯಾವ ಹೊತ್ತು ಹೇಳಿದರೂ ಬರುತ್ತೇನೆ. ಮೂರು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಎದುರು ಕೂತು ಉಂಡೆ. ತನ್ನ ಹೆಸರಿನಲ್ಲಿ ಪತ್ರ ಹೋಗಿದೆ, ಅದಕ್ಕೆ ಉತ್ತರ ಬರಬೇಕಾಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೇಲೆ ನಡಿಗೆ ನಡೆದೇ ಇತ್ತು. ದಕ್ಷಿಣ ಕೆರೊಲಿನಾದವರು ಜಾಗಗಳೆಲ್ಲ ತುಂಬಿವೆ ಎಂದು ವಿಷಾದದಿಂದ ಬರೆದರು, ಆ ಪದದಿಂದಾಗಿ ಅದೂ ಅವಳಿಗೆ ಕಾಣದೆ ಕೂಪನ್ಸಿಗೇ ಬಂತು. ಮೇರಿಲ್ಯಾಂಡಿನವರೂ ಹಾಗೇ ಅಂದರು, ಅವರ ಮಾತು ಹೆಚ್ಚು ಒಳ್ಳೆಯದಾಗಿತ್ತು. ಅಟ್ಲಾಂಟಾದವರು ಉತ್ತರಿಸಲೇ ಇಲ್ಲ. ಆಫೀಸಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸು, ಡಾಕ್ಟರೇ ಮಾತಾಡುತ್ತಿದ್ದೀರಾ ಎಂದು ಕೇಳಿದಳು. ಹೌದು ಎನ್ನಲು ಬಾಯಿ ತೆರೆದೆ. ಫೋನ್ ಇಟ್ಟುಬಿಟ್ಟೆ.

ಶನಿವಾರ ದಿನಸಿ ತರಲು ಇಬ್ಬರೂ ಹೋದೆವು. ಆಗ ಅಂಗಡಿಯೊಳಗೆ ಬಿಡುತ್ತಿರಲಿಲ್ಲ. ಆರ್ಡರ್ ಮಾಡಿ ಪಾರ್ಕಿಂಗಿನಲ್ಲಿ ಕಾದರೆ ತಂದು ಟ್ರಂಕಿನಲ್ಲಿ ಇಡುತ್ತಿದ್ದರು. ಮಾಸ್ಕ್ ಹಾಕಿಕೊಂಡು ಅಕ್ಕಪಕ್ಕ ಕೂತಿದ್ದೆವು. ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು.

“ನಾ ಸೋಮವಾರ ಅಟ್ಲಾಂಟಾಕ್ಕ ಹೋಗ್ತೀನಕ್ಕಾ. ಇಲ್ಲಿ ಇದ್ದು ಏನ ಮಾಡ್ಲಿ? ಯಾರಿಗೂ ಬ್ಯಾಡಾದಾಕಿ ನಾ. ಒಬ್ಬರಿಗರ ಬೇಕಾಗಬೇಕಿತ್ತಲ್ಲ? ನನ್ನೊಳಗ ಏನ ಐಬು ಅದನೋ ಅವರಿಗೆಲ್ಲಾ ಕಾಣತದ, ನನಗ ಕಾಣವಲ್ದು.”

ಅವ್ವನ ಮಾತು, ಮಾರ್ಚು, ಎಲ್ಲ ಬಿದ್ದುಹೋಯಿತು. ಇನ್ನು ಎರಡು ತಿಂಗಳು ಅವಳು ಹೀಗೆ ತನ್ನನ್ನು ತಾನೇ ತಿನ್ನುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಹೇಳಿದೆ. ರೂಲ್ ಹೇಗೆ ಬರೆದೆ, ಯಾಕೆ ಮೇಲಿಟ್ಟೆ, ಯಾವಾಗ ನೋಡುವುದು ಬಿಟ್ಟೆ, ಯಾವಾಗ ಸಿಕ್ಕಿತು, ಅವಳ ಹೆಸರಿನಲ್ಲಿ ಏನು ಬರೆದೆ, ಅವರು ಏನಂದರು. ಸ್ಟೀರಿಂಗ್ ನೋಡುತ್ತಲೇ ಹೇಳಿದೆ. ನಡುವೆ ಅಂಗಡಿಯವನು ಬಂದು ಟ್ರಂಕ್ ತೆರೆದು ಅಕ್ಕಿ ಚೀಲ ಹಾಕಿದ, ಕಾರು ಕುಗ್ಗಿತು. ಅವನು ಟ್ರಂಕ್ ಮುಚ್ಚಿ ಎರಡು ಸಲ ಬಡಿದು ಹೋದ.

“ಎಷ್ಟು?” ಅಂದಳು.

“ಮೂರು.”

“ತೋರಿಸು.”

ಫೋನ್ ಕೊಟ್ಟೆ. ಮಾಸ್ಕ್ ಕೆಳಗೆ ಎಳೆದುಕೊಂಡು ಓದಿದಳು, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ. ಡಿಯರ್ ಡಾಕ್ಟರ್ ಎಂಬಲ್ಲಿಂದ ಶುರು ಮಾಡಿ, ಮೆಚ್ಚಿಗೆಯಾಯಿತು, ಸಂತೋಷವಾಗುತ್ತದೆ ಎನ್ನುವವರೆಗೆ. ಮೂರನ್ನೂ ಹಾಗೇ ಓದಿದಳು. ಅವಳ ಮುಖ ಒಂದು ಗಳಿಗೆ, ಒಂದೇ ಗಳಿಗೆ, ಬೆಳಗಿದ್ದನ್ನು ನಾನು ನೋಡಿದೆ. ಅದನ್ನು ನೋಡಿದ್ದೇ ನನಗೆ ಸಾಕಾಗಿಹೋಯಿತು.

“ಮೂರು ಮಂದಿಗೆ ನಾ ಬೇಕಾಗಿದ್ದೆ,” ಅಂದಳು.

“ತಪ್ಪಾತವಾ. ನನ್ನ ತಪ್ಪು. ಬೈ, ಹೊಡಿ, ಏನರ ಮಾಡು.”

ಅವಳು ಬೈಯಲಿಲ್ಲ. ಫೋನನ್ನು ತೊಡೆಯ ಮೇಲೆ ಬೋರಲು ಇಟ್ಟಳು. “ಬ್ಯಾಡ ಅನ್ನೂದನ್ನಷ್ಟ ಮುಚ್ಚಿಡು ಅಂದಿದ್ದೆ, ಅದು ನನ್ನ ತಪ್ಪು,” ಎಂದಳು. “ಆದ್ರ ಈ ಮೂರು ದಿನಾ? ಇದು ಯಾರದು?”

ಕಾರು ಶುರು ಮಾಡಿದೆ.

ಅಟ್ಲಾಂಟಾದ ಆಸ್ಪತ್ರೆಗೆ ಸೋಮವಾರ ಅವಳೇ ಫೋನ್ ಮಾಡಿದಳು, ನಾನು ಪಕ್ಕದಲ್ಲಿದ್ದೆ. ಅಕಸ್ಮಾತ್ ಯಾರಾದರೂ ಬಿಟ್ಟರೆ ತಿಳಿಸುತ್ತೇವೆ ಎಂದರು. ಯಾರೂ ಬಿಡಲಿಲ್ಲ. ಎರಡೂ ರೂಲನ್ನು ಅವಳೇ ಅಳಿಸಿದಳು, ಪಾಸ್‌ವರ್ಡ್ ಬದಲಿಸಿದಳು. ಅಟ್ಲಾಂಟಾಕ್ಕೆ ಹೋಗಲಿಲ್ಲ; ಮಾರ್ಚಿನವರೆಗೆ ಇಲ್ಲೇ ಇರುತ್ತೇನೆ ಅಂದಳು. ಕ್ಷಮಿಸಿದಳೆಂದು ನಾನು ತಿಳಿದುಕೊಂಡೆ.

ಅದಲ್ಲ ಎಂದು ಆ ವಾರವೇ ಗೊತ್ತಾಯಿತು. ತಿರಸ್ಕಾರದ ಮೇಲ್ ಬಂದಾಗಲೆಲ್ಲ ಅವಳು ಅದನ್ನು ಊಟದ ಮೇಜಿಗೆ ತಂದು ಪೂರ್ತಿ ಓದುತ್ತಿದ್ದಳು. ನಾನು ಏಳಲು ಹೋದರೆ, “ಕೂಡು ಅಕ್ಕಾ,” ಎನ್ನುತ್ತಿದ್ದಳು. ದನಿಯಲ್ಲಿ ಸಿಟ್ಟಿಲ್ಲ, ಕಣ್ಣೀರಿಲ್ಲ. ನಮ್ಮ ಮನೆಯವರು ತಟ್ಟೆ ನೋಡುತ್ತ ಕೂತಿರುತ್ತಿದ್ದರು. ಅವ್ವನಿಗೂ ಫೋನಿನಲ್ಲಿ ಅವಳೇ ಎಲ್ಲ ಹೇಳಿದಳು. ಅವ್ವ ಅತ್ತರೆ, ಅಳುವುದು ಮುಗಿಯುವವರೆಗೆ ಕಾದು, ಮುಂದಿನದನ್ನು ಹೇಳಿದಳು. ಮಗ್ಗುಲ ಕೋಣೆಯಲ್ಲಿ ಕೂತು ನಾನು ಅದನ್ನೆಲ್ಲ ಕೇಳಿಸಿಕೊಂಡೆ.

ಮಾರ್ಚಿನ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ದೇಶದ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಹೊತ್ತಿಗೆ ಮೇಲ್ ಬರುತ್ತದೆ, ಸೀಟು ಸಿಕ್ಕಿತೋ ಇಲ್ಲವೋ ಎಂದು. ಒಂದೂ ಇಂಟರ್‌ವ್ಯೂ ಆಗದವಳಿಗೆ ಏನು ಬರುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಮೀಟಿಂಗ್ ಬಿಟ್ಟು ಬಂದು ಮೇಜಿನ ಬಳಿ ಕೂತೆ. ಅವಳು ಅಟ್ಲಾಂಟಾಕ್ಕೆ ಹೋಗಲು ಸೂಟ್‌ಕೇಸ್ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ಸ್ನಾನ ಮಾಡಿ, ತಲೆ ಬಾಚಿ ಬಂದಿದ್ದಳು.

ಹನ್ನೊಂದಾಯಿತು. ಅವಳು ಫೋನನ್ನು ತಾನು ನೋಡದೆ ನನ್ನ ಕಡೆ ತಳ್ಳಿದಳು.

“ನೀ ಓದು. ಗಟ್ಟಿಯಾಗ.”

“ಬ್ಯಾಡವಾ.”

“ಓದು.”

ತೆರೆದೆ. ಮೊದಲ ಸಾಲಿನಲ್ಲೇ ಇತ್ತು, ಸೀಟು ಸಿಕ್ಕಿಲ್ಲವೆಂದು. ನಾನು ಜೀವಮಾನದಲ್ಲಿ ಯಾರಿಗೂ ಒಂದು ಕೆಟ್ಟ ಸುದ್ದಿಯನ್ನು ಅದು ಬಂದ ಹೊತ್ತಿಗೆ ಹೇಳಿದವಳಲ್ಲ. ಮೊದಲ ಸಾಲಿನ ನಡುವೆ ನಿಂತೆ. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಮುಂದ,” ಅಂದಳು.

ಆ ಸಾಲು ಓದಿ ಮುಗಿಸಿದೆ, ಅದರ ಕೆಳಗಿನದನ್ನೂ ಓದಿದೆ. ಆಮೇಲೆ ಏನೂ ಇರಲಿಲ್ಲ, ಬರೀ ಒಂದು ಉದ್ದನೆಯ ಲಿಂಕ್ ಇತ್ತು. ಅವಳು ಇನ್ನೂ ಕಾಯುತ್ತಿದ್ದಳು. ಅದನ್ನೂ ಒಂದು ಅಕ್ಷರವನ್ನೂ ಬಿಡದೆ ಓದಿದೆ.